ನಿಧಾನಿ ಆಳು ಮತ್ತು ಕಾಕಾನ ಬಾಟಲಿ

ಕಾಕಾ ಆ ಬಾಟಲಿಯನ್ನು ಹೋದ ಮಳೆಗಾಲದಲ್ಲಿ ಸಂತೆಯಿಂದ ತಂದರು. ಒಂದು ಲೀಟರಿಗೆ ಎಂಟುನೂರ ಐವತ್ತು ರೂಪಾಯಿ. ಮೇಲೆ ಹಸಿರು ಎಲೆಯ ಚಿತ್ರ, ಕೆಳಗೆ ‘ಗಾಳಿಯ ಇಂಗಾಲ ಹೀರುವ ಕಿಣ್ವ, ಇಳುವರಿ ಇಮ್ಮಡಿ’ ಎಂಬ ದಪ್ಪಕ್ಷರದ ಸಾಲು. ತಯಾರಿಸಿದವರ ವಿಳಾಸವಿದ್ದ ಜಾಗಕ್ಕೆ ಮಳೆನೀರು ಬಿದ್ದು ಶಾಯಿ ಹರಡಿತ್ತು.

ನಾನು ಬೆಳಗಾವಿಯ ಪಿಯು ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವವಳು. ಶನಿವಾರ ಸಂಜೆ ಖಾನಾಪುರ ದಾಟಿ ನಂದಗಡಕ್ಕೆ ಬಂದರೆ ಸೋಮವಾರ ಬೆಳಗಿನ ಬಸ್ಸಿಗೇ ವಾಪಸ್ಸು. ಊರಲ್ಲಿ ನಮ್ಮದು ಮೂರು ಎಕರೆ. ಎರಡರಲ್ಲಿ ಇಂದ್ರಾಯಣಿ ಭತ್ತ, ಒಂದರಲ್ಲಿ ಕಬ್ಬು. ನೋಡಿಕೊಳ್ಳುವವರು ಕಾಕಾ. ಅಂದು ಕಟ್ಟೆಯ ಮೇಲೆ ಬಾಟಲಿ ಇಟ್ಟು ಕೂತಿದ್ದರು.

“ನೀ ಕಾಲೇಜಿನಾಗ ಇದನ್ನ ಕಲಸ್ತೀಯಲ್ಲ ತಂಗಿ, ಖರೇನೋ ಸುಳ್ಳೋ ಹೇಳು. ಮಣ್ಣು ಅದ, ನೀರು ಅದ. ಕಬ್ಬು ಎಕರೆಕ್ಕ ನಲವತ್ತು ಟನ್ ಬರತೈತಿ, ಭತ್ತ ಇಪ್ಪತ್ತೆರಡು ಕ್ವಿಂಟಲಿಗೆ ನಿಂತ ಬಿಡತೈತಿ. ಭತ್ತಕ್ಕ ಏನೋ ಕಡಿಮಿ ಬಿದ್ದೈತಿ, ಅದು ಈ ಬಾಟಲಿಯಾಗ ಐತಿ ಅಂದಾ ಮಾರಾಂವ.”

“ಎಷ್ಟು ಹೊಡದ್ರಿ ಕಾಕಾ?”

“ಅರ್ಧ.”

ಉಳಿದರ್ಧ ಬಾಟಲಿಯ ಮುಂದೆ ಕೂತು ಆ ರಾತ್ರಿ ನಾವಿಬ್ಬರೂ ಮಾತಾಡಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆದಿದ್ದೇನೆ. ಮಾರಿದವನು ಹೇಳಿದ್ದು ಪೂರ್ತಿ ಸುಳ್ಳಲ್ಲ, ಅದೇ ತೊಂದರೆ. ಗಾಳಿಯ ಇಂಗಾಲ ಹಿಡಿಯುವ ಕಿಣ್ವ ನಿಜವಾಗಿಯೂ ಇದೆ. ನಮ್ಮ ಗದ್ದೆಯ ಪ್ರತಿಯೊಂದು ಎಲೆಯಲ್ಲೂ ಇದೆ.

ಆಲದ ಮರದ ತೂಕ

ನಂದಗಡದ ಮಕ್ಕಳಿಗೆ ನಾನು ಈ ಪಾಠವನ್ನು ಶುರುಮಾಡುವುದು ಸಂಗೊಳ್ಳಿ ರಾಯಣ್ಣನ ಸಮಾಧಿಯಿಂದ. 1831ರ ಜನವರಿ 26ರಂದು ಬ್ರಿಟಿಷರು ರಾಯಣ್ಣನನ್ನು ಗಲ್ಲಿಗೇರಿಸಿದ್ದು ನಮ್ಮೂರಲ್ಲಿ. ಸಮಾಧಿಯ ಮೇಲೆ ಒಡನಾಡಿಯೊಬ್ಬ ನೆಟ್ಟ ಸಸಿಯೇ ಇಂದಿನ ಆಲದ ಮರವಾಯಿತು ಎಂದು ಹಿರಿಯರು ಹೇಳುತ್ತಾರೆ. ಮಕ್ಕಳಾಗಲೆಂದು ಹರಕೆ ಹೊತ್ತವರು ಅದಕ್ಕೆ ಪುಟ್ಟ ತೊಟ್ಟಿಲು ಕಟ್ಟಿ ಹೋಗುತ್ತಾರೆ. “ಈ ಮರದ ತೂಕ ಎಲ್ಲಿಂದ ಬಂತು?” ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಕ್ಕಳು ನೆಲ ತೋರಿಸುತ್ತಾರೆ.

ನೆಲ ಕೊಟ್ಟದ್ದು ನೀರು ಮತ್ತು ಚಿಟಿಕೆಯಷ್ಟು ಲವಣ. ಒಣಗಿದ ಕಟ್ಟಿಗೆಯ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಇಂಗಾಲ, ಅದೆಲ್ಲ ಬಂದದ್ದು ಗಾಳಿಯಿಂದ. ಆ ಗಾಳಿಯಲ್ಲಾದರೂ ಇಂಗಾಲದ ಡೈಆಕ್ಸೈಡ್ ಎಷ್ಟಿದೆ? ಹತ್ತು ಸಾವಿರ ಅಣುಗಳಲ್ಲಿ ನಾಲ್ಕು. ರಾಯಣ್ಣನ ಕಾಲದಲ್ಲಿ ಮೂರೂ ಇರಲಿಲ್ಲ: ಹತ್ತು ಲಕ್ಷಕ್ಕೆ 285ರ ಆಸುಪಾಸು ಇದ್ದದ್ದು ಈಗ 420 ದಾಟಿದೆ. ಇಷ್ಟು ತೆಳ್ಳಗೆ ಹರಡಿದ್ದನ್ನು ಒಂದೊಂದಾಗಿ ಹಿಡಿದು ಸಕ್ಕರೆಯ ದಾರಿಗೆ ಹಚ್ಚುವ ಕಿಣ್ವದ ಹೆಸರು ರುಬಿಸ್ಕೊ.

ಕಿಣ್ವವೆಂದರೆ ಜೀವಕೋಶದ ಆಳು. ತಾನು ಸವೆಯದೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವ ಪ್ರೋಟೀನು. ಹಾಲು ಹೆಪ್ಪಾಗುವುದು, ದೋಸೆಹಿಟ್ಟು ಉಬ್ಬುವುದು, ಉಂಡದ್ದು ಅರಗುವುದು ಎಲ್ಲವೂ ಇಂಥ ಆಳುಗಳಿಂದ. ಸಾಮಾನ್ಯ ಕಿಣ್ವ ಸೆಕೆಂಡಿಗೆ ಹತ್ತಾರು, ನೂರಾರು ಅಣುಗಳನ್ನು ಸಾಗಹಾಕುತ್ತದೆ. ರುಬಿಸ್ಕೊ ಮೂರೋ ನಾಲ್ಕೋ ಮುಗಿಸುವಷ್ಟರಲ್ಲಿ ಸೆಕೆಂಡು ಕಳೆದಿರುತ್ತದೆ.

ಸಾಲದ್ದಕ್ಕೆ ಗುರುತು ತಪ್ಪುತ್ತದೆ. ಇಂಗಾಲದ ಡೈಆಕ್ಸೈಡ್ ಎಂದುಕೊಂಡು ಆಮ್ಲಜನಕವನ್ನು ಹಿಡಿಯುತ್ತದೆ. ಭತ್ತದಂಥ ಬೆಳೆಯಲ್ಲಿ ನಾಲ್ಕು ಸಲಕ್ಕೆ ಸುಮಾರು ಒಂದು ಸಲ ಹೀಗಾಗುತ್ತದೆ, ಬಿಸಿಲೇರಿದಷ್ಟೂ ಜಾಸ್ತಿ. ಆ ತಪ್ಪನ್ನು ಸರಿಪಡಿಸಲು ಎಲೆ ಶಕ್ತಿ ಸುಡಬೇಕು, ಕಟ್ಟಿಟ್ಟ ಇಂಗಾಲವನ್ನೇ ಒಂದಿಷ್ಟು ಬಿಟ್ಟುಕೊಡಬೇಕು. ಇದಕ್ಕೆ ದ್ಯುತಿಉಸಿರಾಟ ಎಂದು ಹೆಸರು. ಕಿಣ್ವವನ್ನು ಬೈಯುವ ಮುನ್ನ ಅದರ ವಯಸ್ಸು ನೋಡಬೇಕು. ಗಾಳಿಯಲ್ಲಿ ಆಮ್ಲಜನಕ ತುಂಬತೊಡಗಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ರುಬಿಸ್ಕೊ ಅದಕ್ಕೂ ಹಿಂದಿನದು. ಅದು ಕೆಲಸಕ್ಕೆ ಸೇರಿದಾಗ ಗುರುತು ತಪ್ಪಲು ಇನ್ನೊಬ್ಬರು ಅಂಗಳದಲ್ಲೇ ಇರಲಿಲ್ಲ.

ನಿಧಾನಿ ಆಳನ್ನು ಇಟ್ಟುಕೊಂಡ ರೈತ ಏನು ಮಾಡುತ್ತಾನೆ? ಇನ್ನಷ್ಟು ಆಳು ಹಚ್ಚುತ್ತಾನೆ. ಗಿಡವೂ ಅದನ್ನೇ ಮಾಡಿದೆ. ಭೂಮಿಯ ಮೇಲಿನ ರುಬಿಸ್ಕೊ ಒಟ್ಟು ಸುಮಾರು 70 ಕೋಟಿ ಟನ್ ಇರಬಹುದೆಂದು 2019ರ ಒಂದು ಅಂದಾಜು. ತಲೆಗೆ ಹಂಚಿದರೆ ನಮಗೆ ಒಬ್ಬೊಬ್ಬರಿಗೆ 85 ಕಿಲೋಗೂ ಮೇಲೆ. ಇದಕ್ಕಿಂತ ಹೇರಳವಾದ ಪ್ರೋಟೀನು ಇನ್ನೊಂದಿಲ್ಲ. ಭತ್ತದ ಎಲೆಯಲ್ಲಿರುವ ಸಾರಜನಕದ ಕಾಲುಭಾಗದಷ್ಟು ಈ ಆಳುಗಳನ್ನು ಕಟ್ಟುವುದಕ್ಕೇ ಹೋಗುತ್ತದೆ. ಯೂರಿಯಾ ಹಾಕಿದ ವಾರದಲ್ಲಿ ಗದ್ದೆ ಕಪ್ಪು ಹಸಿರಾಗುವುದನ್ನು ನೋಡಿ ಕಾಕಾ ಖುಷಿಪಡುತ್ತಾರಲ್ಲ, ಆ ಗೊಬ್ಬರದ ದುಡ್ಡಿನ ದೊಡ್ಡ ಪಾಲು ನಿಧಾನಿ ಆಳುಗಳ ಪಗಾರ.

“ಹಂಗಾದ್ರ ಬಾಟಲಿಯಾಗಿನ ಆಳುಗಳು?” ಎಂದರು ಕಾಕಾ.

ಒಂದು ರುಬಿಸ್ಕೊ ಅಣು ನೀರಿನ ಅಣುವಿಗಿಂತ ಮೂವತ್ತು ಸಾವಿರ ಪಟ್ಟು ಭಾರ. ಹದಿನಾರು ತುಂಡುಗಳ ಜೋಡಣೆ. ಎಂಟು ದೊಡ್ಡ ತುಂಡುಗಳು ಎಲೆಯ ಹಸಿರು ಕಣದೊಳಗೇ ತಯಾರಾಗುತ್ತವೆ, ಎಂಟು ಸಣ್ಣವು ಅದರ ಹೊರಗೆ ತಯಾರಾಗಿ ಒಳಗೆ ಬಂದು ಸೇರುತ್ತವೆ. ಇಂಥದ್ದನ್ನು ಎಲೆಯ ಮೇಲೆ ಸಿಂಪಡಿಸಿದರೆ ಒಳಗಿನ ಹಸಿರು ಕಣದವರೆಗೆ ಹೋಗಲು ಅದಕ್ಕೆ ದಾರಿಯೇ ಇಲ್ಲ. ಬಾಟಲಿಯಲ್ಲಿ ನಿಜವಾದ ಕಿಣ್ವವೇ ಇದ್ದರೂ ಅದು ಎಲೆಯ ಮೇಲೆ ಒಣಗಿ ಮುಂದಿನ ಮಳೆಗೆ ಗದ್ದೆಗೆ ಇಳಿದು ಹೋಗುತ್ತದೆ.

ಕಾಕಾ ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದರು.

ಕಬ್ಬಿನ ಒಳಮನೆ

ಆದರೆ ಅವರ ಪ್ರಶ್ನೆ ಹಾಗೇ ಉಳಿದಿತ್ತು. ಕಬ್ಬು ಯಾಕೆ ಅಷ್ಟು ಬರುತ್ತದೆ?

ಮೊದಲು ಲೆಕ್ಕ ಸರಿಮಾಡೋಣ ಎಂದು ಹಾಲಿನ ವಹಿಯ ಹಿಂದಿನ ಪುಟ ತೆಗೆದೆ. ನಲವತ್ತು ಟನ್ ಕಬ್ಬಿನಲ್ಲಿ ಎಪ್ಪತ್ತು ಪ್ರತಿಶತ ನೀರು. ಕಳೆದರೆ ಉಳಿಯುವುದು ಹನ್ನೆರಡು ಟನ್. ಒಣಗಿದ ರವದಿ, ವಾಡೆ ಸೇರಿಸಿ ಹದಿನಾರು ಅನ್ನಿ. ಅದು ಹನ್ನೆರಡು ತಿಂಗಳ ದುಡಿಮೆ: ತಿಂಗಳಿಗೆ ಒಂದೂ ಕಾಲು ಟನ್ನಿಗೆ ಸ್ವಲ್ಪ ಮೇಲೆ. ಭತ್ತದ್ದು ಕಾಳು ಇಪ್ಪತ್ತೆರಡು ಕ್ವಿಂಟಲ್, ಹುಲ್ಲೂ ಅಷ್ಟೇ. ತೇವ ತೆಗೆದರೆ ನಾಲ್ಕು ಟನ್, ನಾಲ್ಕೂವರೆ ತಿಂಗಳಿಗೆ. ತಿಂಗಳಿಗೆ ಒಂದು ಟನ್ನಿಗೆ ಸ್ವಲ್ಪ ಕಡಿಮೆ. ಹದಿನೆಂಟು ಪಟ್ಟು ಕಾಣುತ್ತಿದ್ದ ಅಂತರ ಒಂದೂವರೆ ಪಟ್ಟಿಗೆ ಇಳಿಯಿತು.

“ಒಂದೂವರಿ ಅಂದ್ರೂ ಸಣ್ಣದೇನಲ್ಲ,” ಎಂದರು ಕಾಕಾ. ಅವರ ಮಾತು ಖರೆ. ಬಿದ್ದ ಬಿಸಿಲಿನ ಶಕ್ತಿಯಲ್ಲಿ ಭತ್ತದ ಜಾತಿಯ ಬೆಳೆ ಹೆಚ್ಚೆಂದರೆ 4.6 ಪ್ರತಿಶತ, ಕಬ್ಬಿನ ಜಾತಿಯದು 6 ಪ್ರತಿಶತ ಮೈಗೂಡಿಸಿಕೊಳ್ಳಬಲ್ಲದು ಎಂದು ವಿಜ್ಞಾನಿಗಳು ಲೆಕ್ಕ ಕಟ್ಟಿದ್ದಾರೆ. ಈ ವ್ಯತ್ಯಾಸದ ಗುಟ್ಟು ರಟ್ಟಾದದ್ದು ಸಕ್ಕರೆ ಉದ್ಯಮದ ಪ್ರಯೋಗಾಲಯಗಳಲ್ಲೇ.

ಗಾಳಿಯ ಇಂಗಾಲವನ್ನು ಎಲೆಯೊಳಗೆ ಹಿಡಿಯುವ ದಾರಿಯನ್ನು ಮೊದಲು ಬರೆದವರು ಅಮೆರಿಕದ ಬರ್ಕ್ಲಿಯ ಮೆಲ್ವಿನ್ ಕ್ಯಾಲ್ವಿನ್, ಆ್ಯಂಡ್ರೂ ಬೆನ್ಸನ್ ಮತ್ತು ಜೇಮ್ಸ್ ಬಾಷಮ್. ವಿಕಿರಣ ಸೂಸುವ ಇಂಗಾಲವನ್ನು ಪಾಚಿಗೆ ಉಣಿಸಿ, ಕೆಲವೇ ಸೆಕೆಂಡಿನಲ್ಲಿ ಬಿಸಿ ಆಲ್ಕೋಹಾಲಿಗೆ ಸುರಿದು, ಗುರುತಿನ ಇಂಗಾಲ ಎಲ್ಲಿ ಹೋಗಿ ಕೂತಿದೆ ಎಂದು ನೋಡಿದರು. ಮೊದಲು ಸಿಕ್ಕಿದ್ದು ಮೂರು ಇಂಗಾಲದ ಆಮ್ಲ. 1961ರ ನೊಬೆಲ್ ಕ್ಯಾಲ್ವಿನ್ ಒಬ್ಬರಿಗೇ ಬಂತು. ಅದೇ ಪ್ರಯೋಗವನ್ನು ಹವಾಯಿಯ ಸಕ್ಕರೆ ಬೆಳೆಗಾರರ ಸಂಘದ ಹ್ಯೂಗೊ ಕೋರ್ಟ್‌ಶಾಕ್ ಮತ್ತು ಕಾನ್‌ಸ್ಟನ್ಸ್ ಹಾರ್ಟ್ ಕಬ್ಬಿನ ಮೇಲೆ ಮಾಡಿದಾಗ ಮೊದಲು ಸಿಕ್ಕಿದ್ದು ನಾಲ್ಕು ಇಂಗಾಲದ ಆಮ್ಲ. ಲೆಕ್ಕ ತಾಳೆಯಾಗಲಿಲ್ಲ. ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಸಕ್ಕರೆ ಕಂಪನಿಯ ಪ್ರಯೋಗಾಲಯದಲ್ಲಿದ್ದ ಹಾಲ್ ಹ್ಯಾಚ್ ಮತ್ತು ರೋಜರ್ ಸ್ಲ್ಯಾಕ್ 1966ರಲ್ಲಿ ಅದನ್ನು ಬಿಡಿಸಿದರು.

ಕಬ್ಬಿನ ಎಲೆಯ ತೆಳು ಸೀಳನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ನರದ ಸುತ್ತ ದಪ್ಪ ಕೋಶಗಳ ಹಾರ ಕಾಣುತ್ತದೆ. ಅದರ ಹೊರಗೆ ಇನ್ನೊಂದು ಸುತ್ತು. ಹೊರಸುತ್ತಿನಲ್ಲಿ ಗಾಳಿಗೆ ಎದುರಾಗಿ ಕೂತಿರುವುದು ರುಬಿಸ್ಕೊ ಅಲ್ಲ. ಪೆಪ್ ಕಾರ್ಬಾಕ್ಸಿಲೇಸ್ ಎಂಬ ಬೇರೆ ಕಿಣ್ವ. ಅದು ಚುರುಕು, ಆಮ್ಲಜನಕವನ್ನು ಕಣ್ಣೆತ್ತಿಯೂ ನೋಡದು. ಹಿಡಿದ ಇಂಗಾಲವನ್ನು ನಾಲ್ಕು ಇಂಗಾಲದ ಆಮ್ಲವಾಗಿ ಕಟ್ಟಿ ಒಳಗಿನ ಹಾರಕ್ಕೆ ಸಾಗಿಸುತ್ತದೆ. ಅಲ್ಲಿ ಗಂಟು ಬಿಚ್ಚಿ ಇಂಗಾಲದ ಡೈಆಕ್ಸೈಡ್ ಮತ್ತೆ ಹೊರಬರುತ್ತದೆ, ಹೊರಗಿನ ಗಾಳಿಗಿಂತ ಎಷ್ಟೋ ಪಟ್ಟು ದಟ್ಟವಾಗಿ. ಆ ಒಳಮನೆಯಲ್ಲಿ ಕೂತಿದೆ ನಮ್ಮ ಹಳೇ ರುಬಿಸ್ಕೊ. ಸುತ್ತೆಲ್ಲ ಬೇಕಾದದ್ದೇ ತುಂಬಿರುವಾಗ ಗುರುತು ತಪ್ಪುವುದು ಅಪರೂಪ.

ಗಮನಿಸಿ, ಕಬ್ಬು ಆಳನ್ನು ಬದಲಿಸಲಿಲ್ಲ. ಆಳು ಕೂರುವ ಜಾಗವನ್ನು ಬದಲಿಸಿತು. ಹಾಗಾಗಿ ಕಡಿಮೆ ಆಳು ಸಾಕಾಯಿತು: ಈ ಜಾತಿಯ ಎಲೆಗಳಲ್ಲಿ ರುಬಿಸ್ಕೊಗೆ ಹೋಗುವ ಸಾರಜನಕ ಹತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ.

ಮೂರನೆಯ ಉಪಾಯವೊಂದಿದೆ, ಅದು ನಮ್ಮ ಬಾವಿಕಟ್ಟೆಯ ಪಕ್ಕದಲ್ಲೇ ಬೆಳೆದಿದೆ. ಕಾಡುಬಸಳೆ. ಎಲೆ ಬಿದ್ದಲ್ಲಿ ಸಸಿ ಹುಟ್ಟುವ ಗಿಡ. ಹತ್ತೊಂಬತ್ತನೇ ಶತಮಾನದ ಮೊದಲಲ್ಲಿ ಬೆಂಗಳೂರಿನ ಲಾಲ್‌ಬಾಗ್ ನೋಡಿಕೊಂಡಿದ್ದ ಬೆಂಜಮಿನ್ ಹೇನ್ ಎಂಬ ಸಸ್ಯಶಾಸ್ತ್ರಜ್ಞ ಇದರ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ ಎಂದು ನಾಲಿಗೆಯಿಂದಲೇ ಪತ್ತೆ ಮಾಡಿ 1813ರಲ್ಲಿ ಪತ್ರ ಬರೆದ. ಕಾರಣ ತಿಳಿದದ್ದು ಬಹಳ ತಡವಾಗಿ. ಈ ಗಿಡ ನೀರು ಉಳಿಸಲು ರಾತ್ರಿ ಮಾತ್ರ ರಂಧ್ರ ತೆರೆದು, ಇಂಗಾಲ ಹಿಡಿದು ಹುಳಿ ಆಮ್ಲವಾಗಿ ಕೂಡಿಡುತ್ತದೆ. ಹಗಲು ಬಾಗಿಲು ಹಾಕಿಕೊಂಡು ಅದನ್ನು ರುಬಿಸ್ಕೊಗೆ ಉಣಿಸುತ್ತದೆ. ಅನಾನಸು, ಕತ್ತಾಳೆ, ಪಾಪಾಸುಕಳ್ಳಿಯದೂ ಇದೇ ಪದ್ಧತಿ. ಕಬ್ಬು ಜಾಗ ಬೇರೆ ಮಾಡಿತು, ಕಾಡುಬಸಳೆ ಹೊತ್ತು ಬೇರೆ ಮಾಡಿತು. ಮನೆಯಲ್ಲಿ ಗಿಡವಿದ್ದರೆ ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಎಲೆಯ ಚೂರನ್ನು ನಾಲಿಗೆಗೆ ಮುಟ್ಟಿಸಿ ಉಗುಳಿ ನೋಡಿ. ತಿನ್ನಬೇಡಿ, ಜಾಸ್ತಿಯಾದರೆ ಅದು ದನಕ್ಕೂ ವಿಷ.

ಜೇನಿನಲ್ಲಿ ಸಿಕ್ಕಿಬಿದ್ದ ಬೆಲ್ಲ

ಈ ಕಿಣ್ವದಿಂದ ಈಗಾಗಲೇ ನಮ್ಮ ಕೈಗೆ ಬಂದಿರುವ ಉಪಯೋಗವೊಂದನ್ನು ಹೇಳಬೇಕು. ಪ್ರಕೃತಿಯಲ್ಲಿ ಇಂಗಾಲದ ನೂರು ಪರಮಾಣುಗಳಲ್ಲಿ ಸುಮಾರು ಒಂದು ತುಸು ಭಾರದ್ದು. ಅದರಿಂದ ವಿಕಿರಣ ಬರುವುದಿಲ್ಲ, ತೂಕ ಮಾತ್ರ ಬೇರೆ. ರುಬಿಸ್ಕೊಗೆ ಹಗುರದ್ದೇ ಇಷ್ಟ, ಭಾರದ್ದನ್ನು ಆದಷ್ಟು ಬಿಟ್ಟುಬಿಡುತ್ತದೆ. ಕಬ್ಬಿನ ಹೊರಸುತ್ತಿನ ಕಿಣ್ವಕ್ಕೆ ಅಷ್ಟು ಹಟವಿಲ್ಲ. ಹೀಗಾಗಿ ಭತ್ತದ ಅನ್ನದಲ್ಲಿ, ಕಾಡುಹೂವಿನ ಮಕರಂದದಲ್ಲಿ ಭಾರದ ಇಂಗಾಲ ಕಡಿಮೆ. ಬೆಲ್ಲ, ಸಕ್ಕರೆ, ಗೋವಿನಜೋಳದಲ್ಲಿ ಜಾಸ್ತಿ. ಸಕ್ಕರೆಯ ಮೈಮೇಲೆ ಕಿಣ್ವದ ರುಜು ಇದ್ದಂತೆ.

ಖಾನಾಪುರದ ಕಾಡುಜೇನು ಎಂದು ಮಾರುವವನು ಸಕ್ಕರೆಪಾಕ ಬೆರೆಸಿದ್ದರೆ ಆ ರುಜು ಅವನನ್ನು ಹಿಡಿದುಕೊಡುತ್ತದೆ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ಜೇನಿನ ಮಾನದಂಡದಲ್ಲಿ ಕಬ್ಬಿನ ಜಾತಿಯ ಸಕ್ಕರೆ 7 ಪ್ರತಿಶತ ಮೀರಬಾರದು ಎಂದಿರುವುದು ಈ ಪರೀಕ್ಷೆಯನ್ನು ನಂಬಿಯೇ. ಆದರೆ ಕಲಬೆರಕೆಯವರೂ ಪಾಠ ಓದಿದವರು. ಭತ್ತ ಹೂವಿನ ಗಿಡಗಳ ಜಾತಿಯದೇ ಆದ್ದರಿಂದ ಅಕ್ಕಿಯ ಪಾಕ ಬೆರೆಸಿದರೆ ಈ ರುಜು ಬೇರೆ ಕಾಣುವುದಿಲ್ಲ. 2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಜೇನಿನ ಕಲಬೆರಕೆಯನ್ನು ಬಯಲಿಗೆಳೆದಾಗ ಇಂಥ ತಪ್ಪಿಸಿಕೊಳ್ಳುವ ಪಾಕಗಳ ಕಥೆಯೂ ಹೊರಬಿತ್ತು. ಒಂದೇ ಬದುವಿನ ಆಚೀಚೆ ಇರುವ ನಮ್ಮ ಎರಡು ಬೆಳೆಗಳಲ್ಲಿ ಒಂದು ಕಳ್ಳನನ್ನು ಹಿಡಿಸುತ್ತದೆ, ಇನ್ನೊಂದು ಬಚ್ಚಿಡುತ್ತದೆ.

ಇದೇ ರುಜುವನ್ನು ರೈತರ ಪರವಾಗಿ ಓದಿದವರಲ್ಲಿ ಬೆಂಗಳೂರಿನ ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯದ ಬೆಳೆ ಶರೀರಕ್ರಿಯಾ ವಿಭಾಗದವರೂ ಇದ್ದಾರೆ. ನೀರು ಉಳಿಸುವ ಗಿಡ ಎಲೆಯ ರಂಧ್ರವನ್ನು ಕಿರಿದು ಮಾಡುತ್ತದೆ. ಒಳಗೆ ಇಂಗಾಲದ ಡೈಆಕ್ಸೈಡ್ ಕೊರತೆ ಬೀಳುತ್ತದೆ. ಹಸಿದ ರುಬಿಸ್ಕೊ ಆಗ ಆರಿಸುತ್ತ ಕೂರದೆ ಭಾರದ ಇಂಗಾಲವನ್ನೂ ನುಂಗುತ್ತದೆ. ಅಂದರೆ ಯಾವ ತಳಿಯ ಎಲೆಯಲ್ಲಿ ಭಾರದ ಇಂಗಾಲ ಜಾಸ್ತಿಯೋ ಅದು ಕಡಿಮೆ ನೀರಿನಲ್ಲಿ ಬೆಳೆಯುವ ತಳಿ ಇರಬಹುದು. ಎಂ. ಉದಯಕುಮಾರ್, ಟಿ. ಜಿ. ಪ್ರಸಾದ್ ಮತ್ತು ಸಂಗಡಿಗರು ಶೇಂಗಾ ತಳಿಗಳಲ್ಲಿ ಇದನ್ನು ಅಳೆದು, ಎಲೆಯ ರುಬಿಸ್ಕೊ ಪ್ರಮಾಣದೊಂದಿಗೆ ತಾಳೆ ನೋಡಿ 1995ರಲ್ಲಿ ಪ್ರಕಟಿಸಿದರು. ಗಿಡ ಕುಡಿದ ನೀರನ್ನು ದಿನಾ ತೂಗುವ ಬದಲು ಒಣ ಎಲೆಯ ಚಿಟಿಕೆ ಪುಡಿ ಸಾಕು ಎಂಬುದು ತಳಿ ಆರಿಸುವವರಿಗೆ ಎಷ್ಟು ದೊಡ್ಡ ಅನುಕೂಲ ಎಂದು ಯೋಚಿಸಿ.

ನಿಪ್ಪಾಣಿಯ ತಂಬಾಕು, ಪಾಣಿಪತ್ತಿನ ತೊಟ್ಟಿ

ರುಬಿಸ್ಕೊ ಎಂಬ ಹೆಸರು ಹುಟ್ಟಿದ್ದು ತಮಾಷೆಯಲ್ಲಿ. 1947ರಲ್ಲಿ ಸ್ಯಾಮ್ ವೈಲ್ಡ್‌ಮನ್ ಪಾಲಕ್ ಎಲೆಯ ರಸದಲ್ಲಿ ಈ ಪ್ರೋಟೀನನ್ನು ಮೊದಲು ಕಂಡರು. ಮುಂದೆ ತಂಬಾಕಿನ ಎಲೆಯಿಂದ ಇದನ್ನು ತೆಗೆದು ಊಟಕ್ಕೆ ಬಳಸಬಹುದೆಂದು ಹೇಳುತ್ತ ತಿರುಗಿದರು. 1979ರಲ್ಲಿ ಅವರ ಗೌರವಕ್ಕೆ ನಡೆದ ಸಭೆಯಲ್ಲಿ ಡೇವಿಡ್ ಐಸೆನ್‌ಬರ್ಗ್, ಅಮೆರಿಕದ ನಬಿಸ್ಕೊ ಬಿಸ್ಕತ್ತಿನ ಹೆಸರನ್ನು ತಿರುಚಿ ರುಬಿಸ್ಕೊ ಎಂದು ಚುಡಾಯಿಸಿದರು. ಚೇಷ್ಟೆಯ ಹೆಸರೇ ಪಠ್ಯಪುಸ್ತಕಕ್ಕೆ ಬಂತು.

ನಮ್ಮ ಜಿಲ್ಲೆಯ ನಿಪ್ಪಾಣಿಯವರಿಗೆ ಗೊತ್ತಿರುವ ತಂಬಾಕು ಬೀಡಿಯದು. ವಿಜ್ಞಾನಿಗಳಿಗೆ ಅದು ಪ್ರಯೋಗದ ಗಿಡ. ಅಮೆರಿಕದ ಇಲಿನಾಯ್ಸ್‌ನಲ್ಲಿ ಡೊನಾಲ್ಡ್ ಆರ್ಟ್ ತಂಡ 2019ರಲ್ಲಿ ತಂಬಾಕಿಗೆ ಒಂದು ಅಡ್ಡದಾರಿ ಜೋಡಿಸಿತು. ರುಬಿಸ್ಕೊ ಗುರುತು ತಪ್ಪಿದಾಗ ಆಗುವ ಕಸವನ್ನು ಎಲೆ ದೂರ ಸುತ್ತಿ ಬಳಸಿ ಸಾಗಿಸುವ ಬದಲು ಹಸಿರು ಕಣದೊಳಗೇ ವಿಲೇವಾರಿ ಮಾಡುವ ಕಿಣ್ವಗಳು. ಹೊಲದಲ್ಲಿ ಬೆಳೆದ ಆ ಗಿಡಗಳ ಮೈ 40 ಪ್ರತಿಶತದವರೆಗೆ ಹೆಚ್ಚಿತು. ಭತ್ತಕ್ಕೇ ಕಬ್ಬಿನ ಒಳಮನೆ ಕಟ್ಟಿಸುವ ಯೋಜನೆ ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಜಾನ್ ಶೀಹಿಯವರ ಹಟದಿಂದ ಶುರುವಾಗಿ ದಶಕ ದಾಟಿದೆ. ಎರಡರಲ್ಲೂ ರುಬಿಸ್ಕೊ ಹಳೆಯದೇ, ಸುತ್ತಲಿನ ಏರ್ಪಾಡು ಹೊಸದು.

ಎಲೆಯ ಹೊರಗೆ? ಇಸ್ರೇಲಿನ ರಾನ್ ಮೈಲೊ ತಂಡ 2019ರಲ್ಲಿ ನಮ್ಮ ಕರುಳಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ರುಬಿಸ್ಕೊ ಕೂಡಿಸಿ, ತಿಂಗಳುಗಟ್ಟಲೆ ಪಳಗಿಸಿ, ಸಕ್ಕರೆ ಬಿಟ್ಟು ಇಂಗಾಲದ ಡೈಆಕ್ಸೈಡಿನಿಂದಲೇ ಮೈ ಕಟ್ಟಿಕೊಳ್ಳುವಂತೆ ಮಾಡಿತು. ಪತ್ರಿಕೆಗಳು ಗಾಳಿ ತಿನ್ನುವ ಬ್ಯಾಕ್ಟೀರಿಯಾ ಎಂದು ಕೊಂಡಾಡಿದವು. ಆದರೆ ಅದಕ್ಕೆ ಬೇಕಾದದ್ದು 10 ಪ್ರತಿಶತ ಇಂಗಾಲದ ಡೈಆಕ್ಸೈಡ್ ತುಂಬಿದ ಗಾಳಿ, ಶಕ್ತಿಗಾಗಿ ಫಾರ್ಮೇಟ್ ಎಂಬ ಲವಣ. ಹಿಡಿದದ್ದಕ್ಕಿಂತ ಬಿಟ್ಟ ಇಂಗಾಲವೇ ಜಾಸ್ತಿ. ಜರ್ಮನಿಯ ಮಾರ್ಬರ್ಗ್‌ನ ಟೋಬಿಯಾಸ್ ಎರ್ಬ್ 2016ರಲ್ಲಿ ರುಬಿಸ್ಕೊವನ್ನೇ ಮನೆಗೆ ಕಳಿಸಿದರು. ಒಂಬತ್ತು ಜೀವಿಗಳಿಂದ ಹದಿನೇಳು ಕಿಣ್ವಗಳನ್ನು ಎತ್ತಿ ತಂದು ಹೊಸದೇ ಚಕ್ರ ಕಟ್ಟಿದರು. ಅದರ ಮುಖ್ಯ ಕಿಣ್ವ ರುಬಿಸ್ಕೊಗಿಂತ ಎಷ್ಟೋ ಚುರುಕು. ಚೀನಾದ ಟಿಯಾನ್‌ಜಿನ್‌ನಲ್ಲಿ 2021ರಲ್ಲಿ ಇಂಗಾಲದ ಡೈಆಕ್ಸೈಡನ್ನು ಮೊದಲು ಮೆಥನಾಲ್ ಮಾಡಿ, ಆಮೇಲೆ ಕಿಣ್ವಗಳ ಸಾಲಿನಿಂದ ಪಿಷ್ಟ ಮಾಡಿದರು, ಗದ್ದೆಯಿಲ್ಲದೆ. ಇವು ಮೂರೂ ಈಗ ಪ್ರಯೋಗಶಾಲೆಯ ಪಾತ್ರೆಯ ಮಾತು.

ತೊಟ್ಟಿಯ ಮಟ್ಟಕ್ಕೆ ಬಂದ ಕೆಲಸವೂ ಇದೆ. ಹರಿಯಾಣದ ಪಾಣಿಪತ್‌ನ ಇಂಡಿಯನ್ ಆಯಿಲ್ ರಿಫೈನರಿಯಲ್ಲಿ, ಕಾರ್ಖಾನೆಯಿಂದ ಹೊರಬೀಳುವ ಅನಿಲವನ್ನು ಬ್ಯಾಕ್ಟೀರಿಯಾದಿಂದ ಎಥೆನಾಲ್ ಮಾಡಿಸುವ ಘಟಕದ ಸಾಮರ್ಥ್ಯ ದಿನಕ್ಕೆ 128 ಕಿಲೋಲೀಟರ್. ಅಲ್ಲಿ ದುಡಿಯುವುದು ರುಬಿಸ್ಕೊ ಅಲ್ಲ, ಅದಕ್ಕಿಂತ ಹಳೆಯ ಇನ್ನೊಂದು ಕಿಣ್ವಗಳ ಮನೆತನ. ಆಮ್ಲಜನಕ ತಾಗಿದರೆ ಕೆಡುವಂಥದ್ದು. ಹಾಗಾಗಿ ತೊಟ್ಟಿಯನ್ನು ಗಾಳಿಯಾಡದಂತೆ ಮುಚ್ಚಬೇಕು. ಕೆನಡಾದ ಕ್ವೆಬೆಕ್‌ನಲ್ಲಿ ಕಾಗದದ ತಿರುಳು ಮಾಡುವ ಕಾರ್ಖಾನೆಯೊಂದರ ಹೊಗೆಯಿಂದ ಇಂಗಾಲದ ಡೈಆಕ್ಸೈಡ್ ಸೆಳೆಯಲು ಕಾರ್ಬಾನಿಕ್ ಅನ್‌ಹೈಡ್ರೇಸ್ ಕಿಣ್ವ ಬಳಸಿದರು. ನಮ್ಮ ರಕ್ತದಲ್ಲೂ ಅದಿದೆ, ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಅಣುಗಳನ್ನು ನೀರಿಗೆ ಬೆರೆಸುವ ಶೂರ. ಸೆಳೆದ ಅನಿಲ ಹೋದದ್ದು ಪಕ್ಕದ ಸೌತೆಕಾಯಿಯ ಗಾಜಿನಮನೆಗೆ. ಅಲ್ಲಿ ಅದನ್ನು ಉಂಡದ್ದು ಮತ್ತದೇ ನಿಧಾನಿ ರುಬಿಸ್ಕೊ.

ನಮ್ಮ ಜಿಲ್ಲೆಗೆ ಇದರಲ್ಲಿ ಪಾಲಿದೆಯೇ? ಇದೆ. ಕಬ್ಬಿನಿಂದ ಎಥೆನಾಲ್ ಮಾಡುವಾಗ ಸಕ್ಕರೆಯ ಆರು ಇಂಗಾಲಗಳಲ್ಲಿ ಎರಡು ಇಂಗಾಲದ ಡೈಆಕ್ಸೈಡಾಗಿ ಹುದುಗು ತೊಟ್ಟಿಯಿಂದ ಮೇಲೇಳುತ್ತವೆ. 180 ಕಿಲೋ ಗ್ಲುಕೋಸಿಗೆ ಎಥೆನಾಲ್ 92 ಕಿಲೋ, ಅನಿಲ 88 ಕಿಲೋ. ಕಾಕಾನ ಕಬ್ಬು ವರ್ಷವಿಡೀ ಸಕ್ಕರೆಯಾಗಿ ಕೂಡಿಟ್ಟ ಇಂಗಾಲದಲ್ಲಿ ಮೂರನೇ ಒಂದು ಪಾಲು. ಅದು ಚಿಮಣಿ ಹೊಗೆಯಂತೆ ಕೊಳಕಲ್ಲ, ಬಹುಮಟ್ಟಿಗೆ ಶುದ್ಧ. ಪಾಚಿಯ ಕೊಳಕ್ಕೋ ಬ್ಯಾಕ್ಟೀರಿಯಾದ ತೊಟ್ಟಿಗೋ ಉಣಿಸಲು ಇದಕ್ಕಿಂತ ಒಳ್ಳೆಯ ಜಾಗ ಹುಡುಕಬೇಕಿಲ್ಲ. ಬೆಳಗಾವಿಯಲ್ಲೇ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ. ನನ್ನ ವಿದ್ಯಾರ್ಥಿಗಳಿಗೆ ಎಂಜಿನಿಯರಿಂಗು, ಮೆಡಿಕಲ್ಲಿನ ಜೊತೆಗೆ ಈ ದಾರಿಯನ್ನೂ ತೋರಿಸುತ್ತೇನೆ.

ಎಲ್ಲ ಕೇಳಿ ಕಾಕಾ ಅಂದರು: “ಅಂದ್ರ ಆಳಿಗಿಂತ ಆಳು ನಿಂತ ಜಾಗ ದೊಡ್ಡದು ಅನ್ನು.”

ನನ್ನ ಇಪ್ಪತ್ತು ವರ್ಷದ ಪಾಠವನ್ನು ಅವರು ಒಂದು ಮಾತಿನಲ್ಲಿ ಮುಗಿಸಿದರು. ಕಬ್ಬು ಜಾಗ ಕಟ್ಟಿತು, ಕಾಡುಬಸಳೆ ಹೊತ್ತು ಆರಿಸಿತು, ಪಾಣಿಪತ್‌ನವರು ತೊಟ್ಟಿ ಮುಚ್ಚಿದರು. ಇನ್ನು ಮುಂದೆ ಇಂಗಾಲ ತಿನ್ನುವ ಕಿಣ್ವ ಎಂದು ಯಾರೇ ಏನೇ ಮಾರಲು ಬರಲಿ, ಒಂದೇ ಪ್ರಶ್ನೆ ಕೇಳಿ: ಅದು ಎಲ್ಲಿ ಕೂತು ಕೆಲಸ ಮಾಡುತ್ತದೆ? ಎಲೆಯೊಳಗೋ, ತೊಟ್ಟಿಯೊಳಗೋ? ಉತ್ತರ ಬರಲಿಲ್ಲವೆಂದರೆ ದುಡ್ಡು ಜೇಬಿನಲ್ಲೇ ಇರಲಿ.

ಆ ಸುಗ್ಗಿಯಲ್ಲಿ ಬಾಟಲಿಯ ನೀರು ಹೊಡೆದ ಎಕರೆ, ಹೊಡೆಯದ ಎಕರೆ ಎರಡನ್ನೂ ಕಾಕಾ ಬೇರೆ ಬೇರೆ ರಾಶಿ ಮಾಡಿ ತೂಗಿದರು. ಎರಡೂ ಇಪ್ಪತ್ತೆರಡು ಕ್ವಿಂಟಲ್.